ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರ ಮತ್ತು ಕಾಲಗಳ ವಿಚಾರ

ಭೂಗೋಳಶಾಸ್ತ್ರದ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಎಷ್ಟು ದೂರ? ವಿಮಾನದಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ?" ಎಂದು ಕೇಳಿದನೆಂದು ಭಾವಿಸೋಣ. ಪ್ರಶ್ನೆ ಸರಳವಾಗಿಯೇ ಕಾಣುತ್ತದೆ. ದೂರಕ್ಕೆ ಒಂದು ಅಂಕಿ, ಕಾಲಕ್ಕೆ ಇನ್ನೊಂದು ಅಂಕಿ ಹೇಳಿ ವಿದ್ಯಾರ್ಥಿಯನ್ನು ಕುಳ್ಳಿರಿಸುವುದು ಸುಲಭ. ಆದರೆ ಈ ಎರಡು ಪ್ರಶ್ನೆಗಳು ಒಂದೇ ಜಾತಿಯವಲ್ಲ. ಮೊದಲನೆಯದಕ್ಕೆ ಉತ್ತರವನ್ನು ಭೂಮಿಯ ಆಕಾರವೊಂದೇ ನಿರ್ಣಯಿಸುತ್ತದೆ. ಎರಡನೆಯದಕ್ಕೆ ಉತ್ತರ ಹೇಳಬೇಕಾದರೆ ಗಾಳಿ, ಪರ್ವತ, ಇಂಧನ, ಯಂತ್ರ ಮತ್ತು ರಾಷ್ಟ್ರಗಳ ಗಡಿ ಇಷ್ಟನ್ನೂ ವಿಚಾರಿಸಬೇಕಾಗುತ್ತದೆ. ದೂರ ಗೊತ್ತಾದರೆ ಕಾಲವೂ ಗೊತ್ತಾದಂತೆ ಎಂಬ ನಂಬಿಕೆ ಎಷ್ಟು ಸಾಮಾನ್ಯವೋ ಅಷ್ಟೇ ತಪ್ಪು ಎಂಬುದನ್ನು ಈ ಎರಡು ನಗರಗಳ ಉದಾಹರಣೆಯಿಂದಲೇ ಸ್ಪಷ್ಟಪಡಿಸಬಹುದು.

ಈ ನಗರಗಳನ್ನು ಆರಿಸಿಕೊಂಡದ್ದಕ್ಕೆ ಕಾರಣವೂ ಇದೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಲಿನ ಊರುಗಳಲ್ಲಿ ಇಂದು ಕನ್ನಡಿಗರ ಸಂಖ್ಯೆ ಗಣನೀಯವಾಗಿದೆ. ಕರ್ನಾಟಕದ ಅನೇಕ ಶಾಲೆಗಳ ಹಳೆಯ ವಿದ್ಯಾರ್ಥಿಗಳು ಅಲ್ಲಿ ನೆಲೆಸಿದ್ದಾರೆ. ಊರಿನಲ್ಲಿ ಉಳಿದ ತಂದೆತಾಯಿಗಳಿಗೆ ಈ ದೂರವು ಪಠ್ಯಪುಸ್ತಕದ ಲೆಕ್ಕವಲ್ಲ. ದಿನವೂ ಮನಸ್ಸಿನಲ್ಲಿ ಅಳೆದು ನೋಡುವ ದೂರ. ಆದ್ದರಿಂದ ಇದನ್ನು ಸರಿಯಾಗಿ ಅಳೆಯುವುದನ್ನು ಕಲಿಯುವುದು ವ್ಯರ್ಥವಾಗಲಾರದು.

ಭೂಪಟದ ಸರಳರೇಖೆ

ಶಾಲೆಯ ಗೋಡೆಯ ಮೇಲೆ ತೂಗುಹಾಕಿದ ಪ್ರಪಂಚದ ಭೂಪಟದಿಂದಲೇ ಆರಂಭಿಸೋಣ. ಇಂಥ ಭೂಪಟಗಳಲ್ಲಿ ಸಾಮಾನ್ಯವಾಗಿ ಅಟ್ಲಾಂಟಿಕ್ ಸಾಗರವು ನಡುವೆಯೂ, ಅಮೆರಿಕವು ಎಡಕ್ಕೂ, ಭಾರತವು ಬಲಕ್ಕೂ ಇರುತ್ತದೆ. ಬೆಂಗಳೂರಿನ ಮೇಲೆ ಅಳತೆಪಟ್ಟಿಯ ಒಂದು ತುದಿಯನ್ನಿಟ್ಟು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ತಾಗಿಸಿ ಗೆರೆ ಎಳೆದರೆ, ಅದು ಅರಬ್ಬಿ ಸಮುದ್ರ, ಯೆಮೆನ್, ಸಹಾರಾ ಮರುಭೂಮಿ, ಅಟ್ಲಾಂಟಿಕ್ ಸಾಗರ, ಅಮೆರಿಕದ ದಕ್ಷಿಣದ ಸಂಸ್ಥಾನಗಳು ಇವುಗಳ ಮೇಲೆ ಹಾಯುತ್ತದೆ. ಸರಳರೇಖೆಯೇ ಅತ್ಯಂತ ಸಮೀಪದ ದಾರಿ ಎಂದು ರೇಖಾಗಣಿತದಲ್ಲಿ ಓದಿದ ವಿದ್ಯಾರ್ಥಿಯು ಇದೇ ಹತ್ತಿರದ ಮಾರ್ಗವೆಂದು ನಿಸ್ಸಂಶಯವಾಗಿ ಹೇಳುತ್ತಾನೆ.

ಆದರೆ ಮರ್ಕೇಟರ್ ಪದ್ಧತಿಯ ಭೂಪಟದ ಮೇಲಿನ ಆ ಗೆರೆಯನ್ನೇ ಹಿಡಿದು ವಿಮಾನವೊಂದು ಹಾರಿದರೆ ಅದು ಕ್ರಮಿಸಬೇಕಾದ ದೂರ ಸುಮಾರು 20,000 ಕಿ.ಮೀ. ಎಂದರೆ ಭೂಮಿಯ ಸುತ್ತಳತೆಯ ಅರ್ಧದಷ್ಟು. ಅದೇ ಬಗೆಯ ಭೂಪಟವನ್ನು ಪೆಸಿಫಿಕ್ ಸಾಗರವು ನಡುವೆ ಬರುವಂತೆ ಮುದ್ರಿಸಿ, ಪೂರ್ವ ದಿಕ್ಕಿನಲ್ಲಿ ಗೆರೆ ಎಳೆದರೆ ದೂರವು ಸುಮಾರು 16,100 ಕಿ.ಮೀ.ಗೆ ಇಳಿಯುತ್ತದೆ. ನಗರಗಳು ಅವೇ, ಭೂಮಿ ಅದೇ. ಭೂಪಟವನ್ನು ಎಲ್ಲಿ ಕತ್ತರಿಸಿ ಹರಡಿದರು ಎಂಬುದರ ಮೇಲೆ ದೂರವು 4,000 ಕಿ.ಮೀ.ಗಳಷ್ಟು ಬದಲಾಯಿತು. ಅಚ್ಚರಿಯೆಂದರೆ ಈ ಎರಡೂ ಹತ್ತಿರದ ದಾರಿಗಳಲ್ಲ. ಗುಂಡಾದ ಭೂಮಿಯ ಮೈಯನ್ನು ಚಪ್ಪಟೆಯಾದ ಕಾಗದದ ಮೇಲೆ ಹರಡುವಾಗ ಎಲ್ಲಿಯಾದರೊಂದು ಕಡೆ ಹಿಗ್ಗಿಸಲೇಬೇಕು. ಮರ್ಕೇಟರ್ ಪದ್ಧತಿಯು ದಿಕ್ಕನ್ನು ಸರಿಯಾಗಿ ಕಾಪಾಡುತ್ತದೆ, ಆದುದರಿಂದಲೇ ಹಿಂದಿನ ನಾವಿಕರಿಗೆ ಅದು ಪ್ರಿಯವಾಗಿತ್ತು. ಆದರೆ ದೂರವನ್ನು ಅದು ಕಾಪಾಡುವುದಿಲ್ಲ. ಭೂಪಟವು ಸುಳ್ಳು ಹೇಳುತ್ತದೆಂದಲ್ಲ. ಅದನ್ನು ಕೇಳಬಾರದ ಪ್ರಶ್ನೆಯನ್ನು ಕೇಳಿದರೆ ತಪ್ಪು ಉತ್ತರ ಬರುತ್ತದೆ, ಅಷ್ಟೆ.

ದಾರದಿಂದ ಅಳೆಯುವ ವಿಧಾನ

ಈಗ ಭೂಪಟವನ್ನು ಬದಿಗಿಟ್ಟು, 30 ಸೆಂ.ಮೀ. ವ್ಯಾಸದ ಒಂದು ಗ್ಲೋಬನ್ನು ಮೇಜಿನ ಮೇಲಿಡಬೇಕು. ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋ ನಗರದ ಮೇಲಿಟ್ಟು ಬಿಗಿಯಾಗಿ ಎಳೆದಾಗ ದಾರವು ತಾನಾಗಿಯೇ ಹತ್ತಿರದ ದಾರಿಯನ್ನು ಹುಡುಕಿಕೊಳ್ಳುತ್ತದೆ. ನೋಡುವವರಿಗೆ ಆಶ್ಚರ್ಯವಾಗುವಂತೆ ಅದು ಪಶ್ಚಿಮಕ್ಕೂ ಹೋಗುವುದಿಲ್ಲ, ನೇರ ಪೂರ್ವಕ್ಕೂ ಹೋಗುವುದಿಲ್ಲ. ಉತ್ತರದ ಕಡೆಗೆ ಏರುತ್ತದೆ. ತೆಲಂಗಾಣ, ಛತ್ತೀಸಗಢ, ಉತ್ತರ ಪ್ರದೇಶದ ಪೂರ್ವಭಾಗ, ನೇಪಾಳ, ಟಿಬೆಟ್, ಚೀನದ ಪಶ್ಚಿಮ ಪ್ರಾಂತ, ಮಂಗೋಲಿಯ, ಸೈಬೀರಿಯ ಇವುಗಳನ್ನು ದಾಟಿ, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಹೆಪ್ಪುಗಟ್ಟಿದ ಆರ್ಕ್ಟಿಕ್ ಕಡಲಂಚನ್ನು ಮುಟ್ಟಿ, ಅಲ್ಲಿಂದ ಕೆಳಗಿಳಿದು ಅಲಾಸ್ಕವನ್ನು ಹಾಯ್ದು, ಕೆನಡದ ಪಶ್ಚಿಮ ಕರಾವಳಿಯ ಪಕ್ಕದಲ್ಲಿ ಕ್ಯಾಲಿಫೋರ್ನಿಯವನ್ನು ಸೇರುತ್ತದೆ. ದಾರವನ್ನು ತೆಗೆದು ಅಳೆದರೆ ಸುಮಾರು 33 ಸೆಂ.ಮೀ. ಇರುತ್ತದೆ. ಆ ಗ್ಲೋಬಿನಲ್ಲಿ ಒಂದು ಸೆಂಟಿಮೀಟರು 425 ಕಿ.ಮೀ.ಗೆ ಸಮ. ಆದ್ದರಿಂದ ದೂರವು ಸುಮಾರು 14,000 ಕಿ.ಮೀ.

ಬಿಗಿದ ದಾರವು ತೋರಿಸಿದ ಈ ದಾರಿಗೆ ಮಹಾವೃತ್ತದ ಕಂಸವೆಂದು ಹೆಸರು. ಭೂಮಿಯ ಕೇಂದ್ರವನ್ನು ಹಾಯ್ದು ಹೋಗುವ ಸಮತಲವೊಂದು ಭೂಮಿಯ ಮೈಯನ್ನು ಕತ್ತರಿಸಿದಾಗ ಉಂಟಾಗುವ ವೃತ್ತವೇ ಮಹಾವೃತ್ತ. ವಿಷುವದ್ವೃತ್ತವು ಒಂದು ಮಹಾವೃತ್ತ. ಎದುರುಬದುರಿನ ಎರಡು ರೇಖಾಂಶಗಳು ಸೇರಿ ಇನ್ನೊಂದು. ಬೆಂಗಳೂರಿನ ಮೇಲೆ ಹಾಯುವ ಅಕ್ಷಾಂಶ ವೃತ್ತವಾದರೋ ಮಹಾವೃತ್ತವಲ್ಲ. ಅದರ ಸಮತಲವು ಭೂಕೇಂದ್ರವನ್ನು ಮುಟ್ಟುವುದಿಲ್ಲ.

ಪ್ರೌಢಶಾಲೆಯ ಮೇಲಿನ ತರಗತಿಯ ವಿದ್ಯಾರ್ಥಿಗಳು ಇದನ್ನು ದಾರವಿಲ್ಲದೆಯೂ ಸಾಧಿಸಬಹುದು. ಬೆಂಗಳೂರಿನ ಅಕ್ಷಾಂಶ 12.97 ಡಿಗ್ರಿ ಉತ್ತರ, ಸ್ಯಾನ್ ಫ್ರಾನ್ಸಿಸ್ಕೋ ನಗರದ್ದು 37.77 ಡಿಗ್ರಿ ಉತ್ತರ. ರೇಖಾಂಶಗಳು ಕ್ರಮವಾಗಿ 77.59 ಪೂರ್ವ ಮತ್ತು 122.42 ಪಶ್ಚಿಮ. ಎಂದರೆ ಪೂರ್ವದ ಮಾರ್ಗವಾಗಿ ಅವುಗಳ ಅಂತರ 160 ಡಿಗ್ರಿ. ಎರಡು ಅಕ್ಷಾಂಶಗಳ ಸೈನುಗಳನ್ನು ಗುಣಿಸಿದರೆ 0.1375 ಬರುತ್ತದೆ. ಅವುಗಳ ಕೊಸೈನುಗಳನ್ನು ಗುಣಿಸಿ, ಬಂದುದನ್ನು ಮತ್ತೆ 160 ಡಿಗ್ರಿಯ ಕೊಸೈನಿನಿಂದ ಗುಣಿಸಿದರೆ ಋಣ 0.7239 ಬರುತ್ತದೆ. ಎರಡನ್ನೂ ಕೂಡಿಸಿದಾಗ ಋಣ 0.5864. ಯಾವ ಕೋನದ ಕೊಸೈನ್ ಇಷ್ಟಾಗುತ್ತದೆಯೋ ಆ ಕೋನ 125.9 ಡಿಗ್ರಿ. ಇದು ಎರಡು ನಗರಗಳೂ ಭೂಕೇಂದ್ರದಲ್ಲಿ ಮಾಡುವ ಕೋನ. ಭೂಮಿಯ ಮೇಲೆ ಒಂದು ಡಿಗ್ರಿ ಎಂದರೆ 111.2 ಕಿ.ಮೀ. ಗುಣಿಸಿದರೆ 14,000 ಕಿ.ಮೀ. ದಾರವೂ ಗಣಿತವೂ ಒಂದೇ ಮಾತು ಹೇಳಿದವು. ಈ ಹೊಂದಾಣಿಕೆಯನ್ನು ತನ್ನ ಕೈಯಿಂದಲೇ ಕಂಡುಕೊಂಡ ವಿದ್ಯಾರ್ಥಿಯು ಅದನ್ನು ಬಹುಕಾಲ ಮರೆಯಲಾರನು.

ಇಲ್ಲಿ ಬಳಸಿದ ಸೈನ್ ಎಂಬ ಪದದ ಮೂಲ ನಮ್ಮ ದೇಶದ್ದೇ. ಆರ್ಯಭಟನು ಕ್ರಿ.ಶ. 499ರಲ್ಲಿ ರಚಿಸಿದ 'ಆರ್ಯಭಟೀಯ'ದಲ್ಲಿ ಅರ್ಧಜ್ಯಾಗಳ ಕೋಷ್ಟಕವಿದೆ. 'ಜ್ಯಾ' ಅಥವಾ 'ಜೀವಾ' ಎಂಬ ಸಂಸ್ಕೃತ ಪದವು ಅರಬರ ಬಾಯಲ್ಲಿ ರೂಪ ಬದಲಿಸಿ, ಅಲ್ಲಿಂದ ಲ್ಯಾಟಿನ್ ಭಾಷೆಗೆ ಅನುವಾದಗೊಳ್ಳುವಾಗ ಬೇರೊಂದು ಅರ್ಥ ಪಡೆದು, ಕೊನೆಗೆ ಸೈನ್ ಎಂದಾಗಿ ಮರಳಿ ಬಂದಿದೆ. ಭೂಮಿಯನ್ನು ಕೈಯಿಂದ ಅಳೆಯುವ ಕಾರ್ಯಕ್ಕೂ ಬೆಂಗಳೂರಿಗೂ ಹಳೆಯ ನಂಟುಂಟು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಬೆಂಗಳೂರಿನ ಬಳಿ ಉಕ್ಕಿನ ಸರಪಳಿಯಿಂದ ಸುಮಾರು ಏಳು ಮೈಲಿ ಉದ್ದದ ಆಧಾರರೇಖೆಯೊಂದನ್ನು ಅಳೆದನು. 1802ರಲ್ಲಿ ಮದರಾಸಿನಿಂದ ಆರಂಭವಾದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಅದು ಪೂರ್ವಸಿದ್ಧತೆಯಾಗಿತ್ತು. ಮದರಾಸಿನಿಂದ ತ್ರಿಕೋನಗಳ ಮೂಲಕ ಲೆಕ್ಕ ಮಾಡುತ್ತ ಬಂದ ಉದ್ದವನ್ನು 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದು ಆಧಾರರೇಖೆಯನ್ನು ಅಳೆದು ತಾಳೆ ನೋಡಿದಾಗ ವ್ಯತ್ಯಾಸ ಬಂದದ್ದು ಕೆಲವೇ ಅಂಗುಲಗಳಷ್ಟು. ಒಂದು ಡಿಗ್ರಿಗೆ ಎಷ್ಟು ಉದ್ದ ಎಂಬ ಇಂದಿನ ನಿಶ್ಚಿತ ಜ್ಞಾನದ ಹಿಂದೆ ಇಂಥ ಬಿಸಿಲು ಮಳೆಗಳ ದುಡಿಮೆಯಿದೆ.

ಹತ್ತಿರದ ದಾರಿಯಲ್ಲಿ ಏಕೆ ಹಾರುವುದಿಲ್ಲ?

ದೂರವೇನೋ ನಿಶ್ಚಯವಾಯಿತು. ದೊಡ್ಡ ಜೆಟ್ ವಿಮಾನವೊಂದು ನಿಶ್ಚಲವಾದ ಗಾಳಿಯಲ್ಲಿ ಗಂಟೆಗೆ ಸುಮಾರು 890 ಕಿ.ಮೀ. ವೇಗದಿಂದ ಹಾರುತ್ತದೆ. 14,000ವನ್ನು 890ರಿಂದ ಭಾಗಿಸಿದರೆ ಹದಿನೈದು ಮುಕ್ಕಾಲು ಗಂಟೆಯಷ್ಟಾಗುತ್ತದೆ. ಪ್ರಶ್ನೆ ಮುಗಿಯಿತೆಂದು ಇಲ್ಲಿಗೇ ಪುಸ್ತಕ ಮುಚ್ಚುವವರು ಬಹಳ. ವಾಸ್ತವವಾಗಿ ಪ್ರಶ್ನೆಯು ಆರಂಭವಾಗುವುದೇ ಇಲ್ಲಿ.

ಮೊದಲ ತೊಡಕು ಟಿಬೆಟ್ ಪ್ರಸ್ಥಭೂಮಿಯದು. ಅದರ ಸರಾಸರಿ ಎತ್ತರ ಸುಮಾರು 4,500 ಮೀಟರು. ವಿಮಾನವು ಹನ್ನೊಂದು ಸಾವಿರ ಮೀಟರು ಎತ್ತರದಲ್ಲಿ ಹಾರುವಾಗ ಅದಕ್ಕೇನೂ ಅಡ್ಡಿಯಿಲ್ಲ. ಆದರೆ ಯಾವ ಕಾರಣದಿಂದಲಾದರೂ ವಿಮಾನದೊಳಗಿನ ಒತ್ತಡವು ಕುಸಿದರೆ, ಚಾಲಕನು ಜನರು ಉಸಿರಾಡಬಹುದಾದ ಸುಮಾರು 3,000 ಮೀಟರು ಎತ್ತರಕ್ಕೆ ಬೇಗನೆ ಇಳಿಯಬೇಕು. ಪ್ರಯಾಣಿಕರ ಮುಖವಾಡಗಳಿಗೆ ಆಮ್ಲಜನಕವನ್ನು ಒದಗಿಸುವ ವ್ಯವಸ್ಥೆಯು ಸಾಮಾನ್ಯವಾಗಿ ಹದಿನೈದು ನಿಮಿಷಗಳ ಆಸುಪಾಸಿನಷ್ಟೇ ಕಾಲ ನಡೆಯುತ್ತದೆ. ಟಿಬೆಟ್ಟಿನ ಮೇಲೆ 3,000 ಮೀಟರಿಗೆ ಇಳಿಯುವುದೆಂದರೆ ನೆಲದೊಳಗೆ ಇಳಿದಂತೆ. ಆದ್ದರಿಂದ ದೂರಪ್ರಯಾಣದ ವಿಮಾನಗಳು ಬಹುಮಟ್ಟಿಗೆ ಈ ಪ್ರದೇಶವನ್ನು ಬಳಸಿಕೊಂಡು ಹೋಗುತ್ತವೆ. ದಾರವು ತೋರಿಸಿದ ದಾರಿಯು ಗಣಿತಕ್ಕೆ ಹತ್ತಿರ, ಪ್ರಾಣಕ್ಕೆ ಹತ್ತಿರವಲ್ಲ.

ಗಾಳಿಯ ಪಾತ್ರ

ಎರಡನೆಯ ಹಾಗೂ ಹೆಚ್ಚು ಕುತೂಹಲಕರವಾದ ಕಾರಣ ಗಾಳಿ. ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪೊಂದನ್ನು ಮೊದಲು ತಿದ್ದಬೇಕು. ಭೂಮಿಯು ಪೂರ್ವಾಭಿಮುಖವಾಗಿ ತಿರುಗುತ್ತಿರುವಾಗ, ವಿಮಾನವು ಆಕಾಶದಲ್ಲಿ ಸುಮ್ಮನೆ ನಿಂತರೂ ಪಶ್ಚಿಮದ ದೇಶವು ತಾನಾಗಿಯೇ ಕೆಳಗೆ ಬರಬಾರದೇಕೆ ಎಂದು ಅವರು ಕೇಳುತ್ತಾರೆ. ಬೆಂಗಳೂರಿನ ನೆಲವು ಗಂಟೆಗೆ ಸುಮಾರು 1,630 ಕಿ.ಮೀ. ವೇಗದಿಂದ ಪೂರ್ವಕ್ಕೆ ಸಾಗುತ್ತಿದೆಯೆಂಬುದು ನಿಜ. ಆದರೆ ಆ ನೆಲದ ಮೇಲಿನ ಗಾಳಿಯೂ, ಗಾಳಿಯಲ್ಲಿ ತೇಲುವ ವಿಮಾನವೂ ಅದರೊಂದಿಗೇ ಸಾಗುತ್ತಿವೆ. ಓಡುವ ರೈಲಿನೊಳಗೆ ಮೇಲಕ್ಕೆ ಚಿಮ್ಮಿದ ನಾಣ್ಯವು ಹಿಂದಿನ ಡಬ್ಬಿಗೆ ಹೋಗಿ ಬೀಳುವುದಿಲ್ಲ, ಚಿಮ್ಮಿದವನ ಕೈಗೇ ಬರುತ್ತದೆ. ಇದೂ ಹಾಗೆಯೇ.

ಆದರೂ ಭೂಮಿಯ ಪರಿಭ್ರಮಣಕ್ಕೂ ವಿಮಾನದ ಕಾಲಕ್ಕೂ ಪರೋಕ್ಷವಾದ ಸಂಬಂಧವುಂಟು. ಉಷ್ಣವಲಯದ ಬಿಸಿಗಾಳಿಗೂ ಧ್ರುವಪ್ರದೇಶದ ತಂಪುಗಾಳಿಗೂ ಇರುವ ತಾಪಾಂತರದಿಂದ ಮೇಲಿನ ವಾಯುಮಂಡಲದಲ್ಲಿ ಗಾಳಿಯು ಧ್ರುವದ ಕಡೆಗೆ ಸರಿಯಲು ತೊಡಗುತ್ತದೆ. ಭೂಮಿಯ ತಿರುಗುವಿಕೆಯು ಅದನ್ನು ಪೂರ್ವಕ್ಕೆ ಬಾಗಿಸುತ್ತದೆ. ಇದರ ಫಲವಾಗಿ ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ರಭಸದ ಗಾಳಿಗೆ ಜೆಟ್ ಪ್ರವಾಹವೆಂದು ಹೆಸರು. ಚಳಿಗಾಲದಲ್ಲಿ ಇದರ ವೇಗ ಗಂಟೆಗೆ 200 ಕಿ.ಮೀ.ಯನ್ನು ಮೀರುವುದುಂಟು. ಜಪಾನಿನ ವಾಸಾಬುರೊ ಓಯಿಶಿ ಎಂಬ ಹವಾಮಾನ ವಿಜ್ಞಾನಿಯು 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು ಈ ಗಾಳಿಯನ್ನು ಅಳೆದನು. ತನ್ನ ವರದಿಯನ್ನು ಲೋಕವೆಲ್ಲ ಓದಲೆಂದು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದನು; ಓದಿದವರು ಮಾತ್ರ ವಿರಳ. ಎರಡನೆಯ ಮಹಾಯುದ್ಧದಲ್ಲಿ ಎತ್ತರದಲ್ಲಿ ಹಾರಿದ ವಿಮಾನಗಳು ಇದೇ ಗಾಳಿಗೆ ಸಿಕ್ಕಿ ತತ್ತರಿಸಿದ ಮೇಲೆಯೇ ಇದರ ಮಹತ್ತ್ವವು ಜಗತ್ತಿಗೆ ಮನವರಿಕೆಯಾಯಿತು.

ಗಾಳಿಯ ಪ್ರಭಾವವನ್ನು ಒಂದು ಲೆಕ್ಕದಿಂದ ನೋಡಬಹುದು. 14,000 ಕಿ.ಮೀ. ದಾರಿಯುದ್ದಕ್ಕೂ ಗಂಟೆಗೆ 100 ಕಿ.ಮೀ. ವೇಗದ ಗಾಳಿಯು ಬೆನ್ನ ಹಿಂದಿನಿಂದ ಬೀಸಿತೆನ್ನೋಣ. ನೆಲಕ್ಕೆ ಹೋಲಿಸಿದ ವಿಮಾನದ ವೇಗವು 990 ಕಿ.ಮೀ. ಆಗಿ, ಪ್ರಯಾಣವು 14 ಗಂಟೆ 8 ನಿಮಿಷಗಳಲ್ಲಿ ಮುಗಿಯುತ್ತದೆ. ಅದೇ ಗಾಳಿಯು ಎದುರಾದರೆ ವೇಗವು 790ಕ್ಕೆ ಇಳಿದು, 17 ಗಂಟೆ 43 ನಿಮಿಷಗಳು ಬೇಕಾಗುತ್ತವೆ. ಎರಡಕ್ಕೂ ಅಂತರ ಮೂರೂವರೆ ಗಂಟೆಗೂ ಹೆಚ್ಚು. ಇನ್ನೂ ಒಂದು ಸೂಕ್ಷ್ಮವಿದೆ. ಹೋಗುವಾಗ ಗಾಳಿಯಿಂದಾದ ಲಾಭವೂ ಬರುವಾಗಿನ ನಷ್ಟವೂ ಸರಿಹೋಗುತ್ತವೆಂದು ತೋರಬಹುದು. ಆದರೆ ಹೋಗಿಬರುವ ಒಟ್ಟು ಕಾಲವು ಗಾಳಿಯಿಲ್ಲದಿದ್ದರೆ ಆಗುತ್ತಿದ್ದುದಕ್ಕಿಂತ 24 ನಿಮಿಷ ಹೆಚ್ಚಾಗಿರುತ್ತದೆ. ಏಕೆಂದರೆ ಅನುಕೂಲದ ಗಾಳಿಯಲ್ಲಿ ವಿಮಾನವು ಕಡಮೆ ಹೊತ್ತು ಇರುತ್ತದೆ, ಪ್ರತಿಕೂಲದ ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ. ಸರಾಸರಿಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಇದು ಬರಿಯ ಕಾಗದದ ಲೆಕ್ಕವಲ್ಲವೆಂಬುದಕ್ಕೆ ದೆಹಲಿ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವಣ ವಿಮಾನವೇ ಸಾಕ್ಷಿ. ಏರ್ ಇಂಡಿಯಾದ ಈ ವಿಮಾನವು ಮೊದಲು ಅಟ್ಲಾಂಟಿಕ್ ಕಡೆಯಿಂದ ಸುಮಾರು 13,900 ಕಿ.ಮೀ. ಹಾರುತ್ತಿತ್ತು. 2016ರ ಅಕ್ಟೋಬರಿನಲ್ಲಿ ಅದನ್ನು ಪೆಸಿಫಿಕ್ ಮಾರ್ಗಕ್ಕೆ ತಿರುಗಿಸಲಾಯಿತು. ಹೊಸ ದಾರಿಯ ಉದ್ದ ಸುಮಾರು 15,300 ಕಿ.ಮೀ.; ಎಂದರೆ ಮೊದಲಿನದಕ್ಕಿಂತ 1,400 ಕಿ.ಮೀ. ಹೆಚ್ಚು. ಆದರೆ ಹಿಂದಿನಿಂದ ಬೀಸುವ ಗಾಳಿಯ ನೆರವಿನಿಂದ ಪ್ರಯಾಣವು ಸುಮಾರು ಹದಿನಾಲ್ಕೂವರೆ ಗಂಟೆಗಳಲ್ಲಿ ಮುಗಿಯಿತು. ಹಿಂದಿನದಕ್ಕಿಂತ ಸುಮಾರು ಎರಡು ಗಂಟೆ ಕಡಮೆ. ದೂರ ಹೆಚ್ಚಿದಾಗ ಕಾಲ ಕಡಮೆಯಾಯಿತೆಂದರೆ ಮೊದಲು ಕೇಳಿದವರಿಗೆ ಒಗಟಿನಂತೆ ತೋರುತ್ತದೆ. ಗಾಳಿಯನ್ನು ಅರಿತವರಿಗೆ ಅದರಲ್ಲಿ ಒಗಟೇನೂ ಇಲ್ಲ.

2021ರ ಜನವರಿಯ ಹಾರಾಟ

ದಕ್ಷಿಣ ಭಾರತದಿಂದ ಅಮೆರಿಕದ ಪಶ್ಚಿಮ ತೀರಕ್ಕೆ ನಡುವೆ ಎಲ್ಲಿಯೂ ಇಳಿಯದೆ ಹೋಗುವ ವಿಮಾನವು ಬಹುಕಾಲ ಇರಲಿಲ್ಲ. ಒಂದು ಕಾಲಕ್ಕೆ ಮುಂಬಯಿಯಿಂದ ಲಂಡನ್ನಿಗೆ ಹೋಗಬೇಕಾದರೂ ನಡುವೆ ತಂಗಲೇಬೇಕಾಗಿತ್ತು. 1948ರ ಜೂನ್ 8ರಂದು ಹೊರಟ ಏರ್ ಇಂಡಿಯಾ ಇಂಟರ್‌ನ್ಯಾಷನಲ್ ಸಂಸ್ಥೆಯ ಮೊದಲ ವಿಮಾನವು ಕೈರೋ ಮತ್ತು ಜಿನೀವಾಗಳಲ್ಲಿ ಇಳಿದು ಲಂಡನ್ನನ್ನು ಸೇರಿತು. ಅದಾದ ಎಪ್ಪತ್ತೆರಡು ವರ್ಷಗಳ ಮೇಲೆ, 2021ರ ಜನವರಿ 9ರ ಶನಿವಾರ ರಾತ್ರಿ, ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನವು ಹೊರಟಿತು. ವಿಮಾನವನ್ನು ನಡೆಸಿದವರು ನಾಲ್ವರು ಮಹಿಳೆಯರು: ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ ಮತ್ತು ಶಿವಾನಿ ಮನ್ಹಾಸ್. ಅವರು ಉತ್ತರಕ್ಕೆ ಹಾರಿ, ಧ್ರುವಪ್ರದೇಶವನ್ನು ದಾಟಿ, ಏಷ್ಯಾದ ಮೇಲೆ ದಕ್ಷಿಣಕ್ಕೆ ಇಳಿದು, ಸೋಮವಾರ ಮುಂಜಾವಿನಲ್ಲಿ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನನಿಲ್ದಾಣವನ್ನು ಮುಟ್ಟಿದರು. ಹಾರಾಟದ ಕಾಲ ಸುಮಾರು 17 ಗಂಟೆ. ಅವರು ಕ್ರಮಿಸಿದ ದಾರಿ ಸುಮಾರು 16,000 ಕಿ.ಮೀ. ಎಂದು ಆಗ ವರದಿಯಾಯಿತು. ದಾರವು ತೋರಿಸಿದ 14,000ಕ್ಕೂ ಹಾರಿದ 16,000ಕ್ಕೂ ನಡುವಿನ ಅಂತರದಲ್ಲಿಯೇ ವೈಮಾನಿಕರ ವಿವೇಕವೆಲ್ಲ ಅಡಗಿದೆ.

ಇಷ್ಟು ದೂರದ ಹಾರಾಟಕ್ಕೆ ಬಳಸಿದ ಬೋಯಿಂಗ್ 777-200 ಎಲ್‌ಆರ್ ವಿಮಾನದ ಗರಿಷ್ಠ ತೂಕ ಸುಮಾರು 347 ಟನ್. ಅದರ ಟ್ಯಾಂಕುಗಳಲ್ಲಿ 1,81,000 ಲೀಟರುಗಳಿಗೂ ಹೆಚ್ಚು ಇಂಧನ ಹಿಡಿಸುತ್ತದೆ. ಅದರ ತೂಕವೇ ಸುಮಾರು 145 ಟನ್ ಆಗುತ್ತದೆ. ಟ್ಯಾಂಕು ತುಂಬಿಕೊಂಡು ಮೇಲೇರುವ ವಿಮಾನದ ಭಾರದಲ್ಲಿ ಐದರಲ್ಲಿ ಎರಡು ಪಾಲು ಇಂಧನವೇ. ಮೊದಲ ಗಂಟೆಗಳಲ್ಲಿ ಸುಡುವ ಇಂಧನದ ಗಣನೀಯ ಭಾಗವು ಕೊನೆಯ ಗಂಟೆಗಳ ಇಂಧನವನ್ನು ಹೊತ್ತೊಯ್ಯುವುದಕ್ಕೇ ವೆಚ್ಚವಾಗುತ್ತದೆ. ಆದ್ದರಿಂದ ದೂರವು ಎರಡರಷ್ಟಾದರೆ ಇಂಧನವು ಎರಡರಷ್ಟಕ್ಕಿಂತ ಹೆಚ್ಚು ಬೇಕು. ಧ್ರುವದ ಬಳಿ ಹೊರಗಿನ ಗಾಳಿಯು ಎಷ್ಟು ಶೀತವೆಂದರೆ ಇಂಧನವೇ ಹೆಪ್ಪುಗಟ್ಟಬಹುದೆಂಬ ಭಯವಿರುತ್ತದೆ. ಸಾಮಾನ್ಯ ಜೆಟ್ ಇಂಧನಗಳಲ್ಲಿ ಒಂದು ಬಗೆಯದರ ಘನೀಭವನದ ಮಿತಿ ಋಣ 40 ಡಿಗ್ರಿ ಸೆಲ್ಸಿಯಸ್, ಇನ್ನೊಂದರದು ಋಣ 47. ವೈಮಾನಿಕರು ಇಂಧನದ ಉಷ್ಣತೆಯ ಮೇಲೆ ಸತತವಾಗಿ ಕಣ್ಣಿಟ್ಟು, ಅಗತ್ಯಬಿದ್ದರೆ ಎತ್ತರವನ್ನೋ ವೇಗವನ್ನೋ ದಾರಿಯನ್ನೋ ಬದಲಿಸಬೇಕಾಗುತ್ತದೆ.

ಕಳೆದುಹೋದ ಭಾನುವಾರ

ಆ ವಿಮಾನವು ಶನಿವಾರ ರಾತ್ರಿ ಹೊರಟು ಸೋಮವಾರ ಮುಂಜಾನೆ ಇಳಿಯಿತು. ಹಾರಿದ್ದು 17 ಗಂಟೆಯಾದರೆ ಭಾನುವಾರವೆಲ್ಲಿ ಹೋಯಿತು? ಚಳಿಗಾಲದಲ್ಲಿ ಕ್ಯಾಲಿಫೋರ್ನಿಯದ ಗಡಿಯಾರವು ಭಾರತದ ಗಡಿಯಾರಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಶನಿವಾರ ರಾತ್ರಿ ಎಂಟೂವರೆಯಾದಾಗ ಬೆಂಗಳೂರಿನಲ್ಲಿ ಭಾನುವಾರ ಬೆಳಗಿನ ಹತ್ತು ಗಂಟೆ. ಅದಕ್ಕೆ 17 ಗಂಟೆಗಳನ್ನು ಕೂಡಿಸಿದರೆ ಸೋಮವಾರ ಮುಂಜಾವಿನ ಮೂರು ಗಂಟೆಯಾಗುತ್ತದೆ. ಬೆಂಗಳೂರಿನವರು ಭಾನುವಾರದ ಊಟ ಮಾಡಿ ನಿದ್ರಿಸುವಷ್ಟರಲ್ಲಿ ಪ್ರಯಾಣಿಕರು ಆ ದಿನವನ್ನು ಆಕಾಶದಲ್ಲಿಯೇ ಕಳೆದಿದ್ದರು.

ಪೂರ್ವದ ದಾರಿಯಲ್ಲಿ ಹೋಗುವವನಿಗೆ ಇದರ ವಿಲೋಮವು ಪ್ರಾಪ್ತವಾಗುತ್ತದೆ. ಬೆಂಗಳೂರಿನಿಂದ ಮಧ್ಯಾಹ್ನ ಎರಡು ಗಂಟೆಗೆ ಹೊರಟು ಪೆಸಿಫಿಕ್ ಸಾಗರದ ಮೇಲೆ 16 ಗಂಟೆ ಹಾರಿದವನು, ಅದೇ ದಿನಾಂಕದ ಸಂಜೆ ನಾಲ್ಕೂವರೆಗೆ ಇಳಿಯುತ್ತಾನೆ. ಗಡಿಯಾರದ ಪ್ರಕಾರ ಅವನು ಪ್ರಯಾಣ ಮಾಡಿದ್ದು ಎರಡೂವರೆ ಗಂಟೆ ಮಾತ್ರ! ನಡುವೆ ಅಂತರರಾಷ್ಟ್ರೀಯ ದಿನಾಂಕ ರೇಖೆಯನ್ನು ದಾಟುವಾಗ ಅವನಿಗೆ ಒಂದು ದಿನ ಹಿಂದಕ್ಕೆ ಬಂದಂತಾಗುತ್ತದೆ. ಅಮೆರಿಕದವರು ಬೇಸಗೆಯಲ್ಲಿ ಗಡಿಯಾರಗಳನ್ನು ಒಂದು ಗಂಟೆ ಮುಂದಿಡುವುದರಿಂದ ಆಗ ಅಂತರವು ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ. ದೂರದ ಮಗನಿಗೋ ಮಗಳಿಗೋ ದೂರವಾಣಿ ಮಾಡುವ ಮನೆಯವರು ಇಷ್ಟನ್ನು ತಿಳಿದಿದ್ದರೆ ನಡುರಾತ್ರಿಯಲ್ಲಿ ಎಬ್ಬಿಸಿದ ಸಂಕೋಚ ತಪ್ಪುತ್ತದೆ.

ಆಕಾಶದ ಗಡಿಗಳು

ಭೂಮಿ, ಪರ್ವತ ಮತ್ತು ಗಾಳಿ ಇವು ನಿಸರ್ಗದವು. ಮನುಷ್ಯನು ಮಾಡಿದ ತಡೆಗಳೂ ಉಂಟು. ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಅಧಿಕಾರವಿದೆ. 2022ರ ಫೆಬ್ರವರಿಯಲ್ಲಿ ಉಕ್ರೇನಿನ ಯುದ್ಧವು ತೀವ್ರಗೊಂಡ ಮೇಲೆ ರಷ್ಯವೂ ಪಾಶ್ಚಾತ್ಯ ರಾಷ್ಟ್ರಗಳೂ ಪರಸ್ಪರರ ವಿಮಾನಗಳಿಗೆ ಆಕಾಶವನ್ನು ಮುಚ್ಚಿದವು. 2025ರ ಏಪ್ರಿಲಿನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಸುತ್ತಿ ಹೋಗಬೇಕಾಯಿತು. ನಗರಗಳು ಇದ್ದಲ್ಲಿಯೇ ಇದ್ದವು. ರಾತ್ರಿ ಕಳೆಯುವುದರೊಳಗೆ ಅವುಗಳ ನಡುವಣ ಕಾಲವು ಹಿಗ್ಗಿತು.

ನಿರ್ಜನ ಪ್ರದೇಶದ ಮೇಲೆ ಹಾರುವ ವಿಮಾನವು ತೊಂದರೆಯೊದಗಿದಾಗ ಎಲ್ಲಿ ಇಳಿಯಬಹುದೆಂಬುದನ್ನು ಹೊರಡುವ ಮೊದಲೇ ನಿಶ್ಚಯಿಸಿಕೊಂಡಿರಬೇಕು. ಇದು ನಾಮಮಾತ್ರದ ನಿಯಮವಲ್ಲ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಹೊರಟಿದ್ದ ವಿಮಾನವೊಂದು ಎಂಜಿನ್ನಿನ ದೋಷದಿಂದಾಗಿ ರಷ್ಯದ ಪೂರ್ವದಂಚಿನ ಮಗದಾನ್ ಎಂಬ ಊರಿನಲ್ಲಿ ಇಳಿಯಿತು. ಅದರಲ್ಲಿ 216 ಪ್ರಯಾಣಿಕರೂ 16 ಮಂದಿ ಸಿಬ್ಬಂದಿಯೂ ಇದ್ದರು. ಎಲ್ಲರೂ ಸುರಕ್ಷಿತವಾಗಿದ್ದರು. ಇನ್ನೊಂದು ವಿಮಾನವು ಬಂದು ಕರೆದೊಯ್ಯುವವರೆಗೆ ಅವರು ಆ ಪರಸ್ಥಳದ ತಾತ್ಕಾಲಿಕ ವಸತಿಗಳಲ್ಲಿ ಉಳಿದರು. ಹದಿನೈದು ಹದಿನಾರು ಗಂಟೆಗಳೆಂದು ಎಣಿಸಿದ್ದ ಪ್ರಯಾಣವು ದಿನಗಳ ಲೆಕ್ಕಕ್ಕೆ ತಿರುಗಿತು. ಇಂಥ ಸಂದರ್ಭದಲ್ಲಿಯೇ ಕಾಲವೆಂಬುದು ದೂರದ ನೆರಳಲ್ಲವೆಂಬುದು ಚೆನ್ನಾಗಿ ಅರಿವಾಗುವುದು.

ಮನೆಯಿಂದ ಮನೆಗೆ

ವಿಮಾನದ ಕಾಲವನ್ನೇ ಪ್ರಯಾಣದ ಕಾಲವೆಂದು ತಿಳಿಯುವುದು ಇನ್ನೊಂದು ತಪ್ಪು. ಬೀದರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 700 ಕಿ.ಮೀ. ಸಂಜೆ ಬಸ್ಸು ಹತ್ತಿದವರು ರಾತ್ರಿಯೆಲ್ಲ ಪ್ರಯಾಣಮಾಡಿ ಬೆಳಗ್ಗೆ ಇಳಿಯುತ್ತಾರೆ. ಇದರ ಇಪ್ಪತ್ತರಷ್ಟು ದೂರವನ್ನು ವಿಮಾನವು ಹದಿನಾರು ಹದಿನೇಳು ಗಂಟೆಗಳಲ್ಲಿ ದಾಟುತ್ತದೆ. ಮಗಳ ಬಾಣಂತನಕ್ಕೆಂದು ಬೀದರಿನಿಂದ ಕ್ಯಾಲಿಫೋರ್ನಿಯಕ್ಕೆ ಹೊರಟ ತಾಯಿಗೆ ಮೊದಲ 700 ಕಿ.ಮೀ.ಗಳೇ ದಾರಿಯ ಬಹುದೊಡ್ಡ ಪಾಲೆಂದು ತೋರಿದರೆ ಅದು ಅಜ್ಞಾನವಲ್ಲ. ಗಂಟೆಗಳ ಲೆಕ್ಕದಲ್ಲಿ ಅವಳ ಮಾತು ಬಹಳಮಟ್ಟಿಗೆ ಸರಿಯೇ. ಅದಕ್ಕೆ ನಿಲ್ದಾಣದಲ್ಲಿ ಕಾಯುವ ಗಂಟೆಗಳನ್ನೂ, ತಪಾಸಣೆಗಳನ್ನೂ, ಇಳಿದ ಮೇಲೆ ಮನೆ ಸೇರುವ ಹೊತ್ತನ್ನೂ ಕೂಡಿಸಬೇಕು. ಹಾಗೆ ಮಾಡಿದರೆ ಮನೆಯ ಹೊಸ್ತಿಲಿನಿಂದ ಮನೆಯ ಹೊಸ್ತಿಲಿಗೆ ಒಂದೂವರೆ ದಿನಕ್ಕೆ ಕಡಮೆಯಾಗದು.

ಊರಿನಲ್ಲಿ ಹಿರಿಯರು ಹಾಸಿಗೆ ಹಿಡಿದರೆಂಬ ಸುದ್ದಿಯು ಕ್ಷಣಾರ್ಧದಲ್ಲಿ ಸಾಗರದಾಚೆ ಮುಟ್ಟುತ್ತದೆ. ಕೇಳಿದವನು ಬಂದು ಸೇರಲು ಬೇಕಾದ ಒಂದೂವರೆ ದಿನವನ್ನು ಯಾವ ಯಂತ್ರವೂ ಇನ್ನೂ ಕ್ಷಣಾರ್ಧಕ್ಕೆ ಇಳಿಸಿಲ್ಲ. ದಾರಿ ನೋಡುತ್ತ ಕುಳಿತ ಮನೆಯವರು "ಈಗೆಲ್ಲ ಹದಿನೇಳು ಗಂಟೆಯ ಮಾತು, ಇನ್ನೂ ಏಕೆ ಬರಲಿಲ್ಲ?" ಎಂದು ನೊಂದುಕೊಳ್ಳುವುದುಂಟು, ಬರುತ್ತಿರುವವನೂ ದಾರಿಯುದ್ದಕ್ಕೂ ತನ್ನನ್ನು ತಾನೇ ಹಳಿದುಕೊಳ್ಳುವುದುಂಟು. ಇಬ್ಬರ ಸಂಕಟಕ್ಕೂ ಒಂದು ತಪ್ಪು ಲೆಕ್ಕವು ಸ್ವಲ್ಪವಾದರೂ ಕಾರಣವಾಗಿರುತ್ತದೆ. ಸರಿಯಾದ ಲೆಕ್ಕವು ದುಃಖವನ್ನು ನೀಗದಿದ್ದರೂ ದೂರುವುದನ್ನು ಕಡಮೆಮಾಡೀತು.

ಉಪಾಧ್ಯಾಯರ ಕೈಯಲ್ಲಿರುವುದು

ಈ ವಿಷಯವನ್ನು ಬೋಧಿಸಲು ದುಬಾರಿಯ ಸಾಧನಗಳೇನೂ ಬೇಕಾಗಿಲ್ಲ. ಒಂದು ಗ್ಲೋಬು, ಒಂದು ಮೊಳ ದಾರ, ಒಂದು ಅಳತೆಪಟ್ಟಿ ಇವಿಷ್ಟಿದ್ದರೆ ಸಾಕು. ಗೋಡೆಯ ಭೂಪಟದ ಮೇಲೆ ಮೊದಲು ಗೆರೆ ಎಳೆಸಿ, ಬಳಿಕ ಗ್ಲೋಬಿನ ಮೇಲೆ ದಾರವನ್ನು ಬಿಗಿಸಿ, ಎರಡೂ ಏಕೆ ಬೇರೆಯಾದವೆಂದು ವಿದ್ಯಾರ್ಥಿಗಳಿಂದಲೇ ಹೇಳಿಸಬೇಕು. ಅನಂತರ ಗಾಳಿಯ ಲೆಕ್ಕ, ಗಡಿಯಾರದ ಲೆಕ್ಕ, ಕೊನೆಗೆ ಮನೆಯಿಂದ ಮನೆಗೆ ಇರುವ ಲೆಕ್ಕ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಬಂಧುಗಳು ನೆಲೆಸಿರುವ ದೂರದ ಊರೊಂದನ್ನು ಆರಿಸಿಕೊಂಡು ಈ ನಾಲ್ಕನ್ನೂ ಬರೆದು ತರುವಂತೆ ಮಾಡಿದರೆ ಭೂಗೋಳ, ಗಣಿತ ಮತ್ತು ವಿಜ್ಞಾನ ಮೂರೂ ಒಂದೇ ಪುಟದಲ್ಲಿ ಕೂಡುತ್ತವೆ. ತರಗತಿಗೊಂದು ಗ್ಲೋಬು ಇರಬೇಕೆಂಬುದು ದೊಡ್ಡ ಆಸೆಯೇನಲ್ಲ. ಆದರೆ ಬೀರುವಿನಲ್ಲಿ ಬೀಗ ಹಾಕಿಟ್ಟ ಗ್ಲೋಬಿನಿಂದ ಯಾವ ವಿದ್ಯಾರ್ಥಿಯೂ ಕಲಿಯಲಾರನು. ಅದು ಮೇಜಿನ ಮೇಲಿರಬೇಕು, ಮಕ್ಕಳ ಕೈ ತಗುಲಿ ಸವೆಯಬೇಕು.

ವಿಮಾನ ಸೇವೆಗಳು ಆರಂಭವಾಗುತ್ತವೆ, ನಿಲ್ಲುತ್ತವೆ, ಮಾರ್ಗ ಬದಲಿಸುತ್ತವೆ. ಹೊಸ ಯಂತ್ರಗಳು ಬರುತ್ತವೆ. ಆದ್ದರಿಂದ ಪ್ರಯಾಣದ ಕಾಲವನ್ನು ಕುರಿತು ಇಂದು ಬಾಯಿಪಾಠ ಮಾಡಿಸಿದ ಅಂಕಿಯು ನಾಳೆ ಹಳತಾಗುತ್ತದೆ. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ನಡುವಣ 14,000 ಕಿ.ಮೀ. ಮಾತ್ರ ಹಳತಾಗುವುದಿಲ್ಲ, ಅದನ್ನು ಕಂಡುಕೊಳ್ಳುವ ರೀತಿಯೂ ಹಳತಾಗುವುದಿಲ್ಲ. ಎದ್ದು ನಿಂತು ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ಉಪಾಧ್ಯಾಯರು ಮೊದಲು ಕೊಡಬೇಕಾದದ್ದು ಅಂಕಿಯನ್ನಲ್ಲ, ಆ ದಾರದ ತುದಿಯನ್ನು.